ಮೇಣದ ಬೇರು

ಜನವರಿ 8

ಚಿ. ನಾದಿನಿಗೆ ಭಾವನ ಆಶೀರ್ವಾದ.

ಅಕ್ಷರ ನೋಡಿ ಇದು ನಿನ್ನ ಅಕ್ಕನ ಪತ್ರ ಎಂದುಕೊಳ್ಳಬೇಡ. ಕೈ ಅವಳದು, ಮಾತು ನನ್ನದು. ನನ್ನ ಎರಡು ಕಣ್ಣಿಗೂ ಪೊರೆ ಬಂದಿದೆ. ಮುಖಗಳು ಕಾಣುತ್ತವೆ, ಅಕ್ಷರಗಳು ಕಾಣುವುದಿಲ್ಲ. ಸಕ್ಕರೆ ಕಾಯಿಲೆ ಹತೋಟಿಗೆ ಬರುವವರೆಗೆ ಕತ್ತರಿ ಹಾಕುವುದಿಲ್ಲ ಎಂದು ಕಣ್ಣಿನ ಡಾಕ್ಟರು ಹಟ ಹಿಡಿದಿದ್ದಾರೆ. ಅಲ್ಲಿಯವರೆಗೆ ನಾನು ಹೇಳಿದ್ದನ್ನು ಇವಳು ಬರೆಯುತ್ತಾಳೆ, ಬಂದದ್ದನ್ನು ಇವಳು ಓದುತ್ತಾಳೆ. ವಿಚಾರ ಚೆನ್ನಾಗಿದ್ದರೆ ನನ್ನದು, ಕಾಗುಣಿತ ತಪ್ಪಿದ್ದರೆ ಇವಳದು.

ವಿಷಯಕ್ಕೆ ಬರುತ್ತೇನೆ. ವಾರಪತ್ರಿಕೆಯಲ್ಲಿ ಇಷ್ಟು ವರ್ಷ ಬರೆದ ನನ್ನ 'ಪದದ ಬೇರು' ಅಂಕಣ ಪುಸ್ತಕವಾಗುತ್ತಿದೆ. ಇಂಗ್ಲಿಷ್ ಪದಗಳು ಎಲ್ಲಿಂದ ಬಂದವು, ಯಾವ ಅರ್ಥ ಕಳಚಿ ಯಾವ ಅರ್ಥ ತೊಟ್ಟವು ಎಂದು ನಮ್ಮವರಿಗೆ ನಮ್ಮ ಭಾಷೆಯಲ್ಲೇ ಹೇಳುವ ಪುಸ್ತಕ. ಪ್ರಕಾಶಕರು ಇನ್ನೊಂದಿಷ್ಟು ಹೊಸ ಪದ ಸೇರಿಸಿ ಎನ್ನುತ್ತಿದ್ದಾರೆ. ನೀನು ಕೆಲಸ ಮಾಡುವ ಗ್ರಂಥಾಲಯದಲ್ಲಿ ಆ ದೊಡ್ಡ ಪದಮೂಲ ಕೋಶದ ಎಲ್ಲ ಸಂಪುಟಗಳೂ ಇವೆಯಲ್ಲ. ಮನೆಯಲ್ಲೇ ಬಾವಿ ಇಟ್ಟುಕೊಂಡು ನಾನೇಕೆ ಬಾಯಾರಬೇಕು? ವಿಂಡೋ, ಅಟಿಕ್, ಕಿಲ್. ಈ ಮೂರರ ಮೂಲ ನೋಡಿ ಬರೆ.

ಹೆದರಬೇಡ, ಇದು ಸಂದರ್ಶನವಲ್ಲ! ಅಬ್ಬಾ, ಆ ದಿನ. ನಮ್ಮ ಕಾಲೇಜಿನ ಅಧ್ಯಾಪಕಿ ಹುದ್ದೆಗೆ ಬಂದವಳು, ಸಮಿತಿಯಲ್ಲಿ ಕೂತಿದ್ದ ನಾನು 'ಸಿನ್ಸಿಯರ್' ಪದದ ಮೂಲ ಕೇಳಿದರೆ, ಹಿಂದಿನ ಕಾಲದ ಶಿಲ್ಪಿಗಳು ಕಲ್ಲಿನ ಬಿರುಕನ್ನು ಮೇಣ ತುಂಬಿ ಮುಚ್ಚುತ್ತಿದ್ದರು, ಹಾಗೆ ಮಾಡದ ಪ್ರಾಮಾಣಿಕ ಕೆಲಸಕ್ಕೆ 'ಮೇಣವಿಲ್ಲದ್ದು' ಎಂಬ ಹೆಸರು ಬಂತು, ಅದೇ ಸಿನ್ಸಿಯರ್ ಆಯಿತು ಎಂದು ಹೇಳಿದೆಯಲ್ಲ! ಸಮಿತಿಯ ಅಧ್ಯಕ್ಷರಾಗಿದ್ದ ದೊಡ್ಡ ಮೇಷ್ಟ್ರು ನಕ್ಕ ನಗು ಇನ್ನೂ ಕಿವಿಯಲ್ಲಿದೆ. 'ಇದನ್ನ ಯಾರಮ್ಮ ಹೇಳಿಕೊಟ್ಟಿದ್ದು?' ಎಂದು ನಾನು ಕೇಳಿದರೆ ನೀನು ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಮನೆಗೆ ಬಂದವರಿಗೆ ಈ ಕತೆ ಹೇಳದೆ ಇವತ್ತಿಗೂ ನನಗೆ ಕಾಫಿ ಇಳಿಯುವುದಿಲ್ಲ. ಕೆಲಸ ಹೋದರೂ ಹೆಸರು ಉಳಿಯಿತು ನೋಡು, ಮಕ್ಕಳೂ ನಿನ್ನನ್ನು 'ಮೇಣ ಚಿಕ್ಕಮ್ಮ' ಎಂದೇ ಕರೆಯುತ್ತಾರೆ.

ಬೇಗ ಬರೆ.
ನಿನ್ನ ಭಾವ

ಪುಟ್ಟೀ, ಹೇಳಿದ್ದನ್ನು ಹೇಳಿದ ಹಾಗೆ ಬರೆದಿದ್ದೇನೆ. ಅಡಿಯಲ್ಲಿ ಎರಡು ಸಾಲು ಬರೆಯಲು ನನಗೆ ಅಪ್ಪಣೆಯಿದೆ. ಅದಕ್ಕೇ ಈಗ ನನ್ನ ಹೆಸರು 'ಅಡಿಟಿಪ್ಪಣಿ' ಅಂತೆ. ನಿನ್ನ ಬೆನ್ನು ನೋವು ಹೇಗಿದೆ? — ಅಕ್ಕ

---

ಜನವರಿ 20

ಪೂಜ್ಯ ಭಾವನವರಿಗೆ ಮೇಣದ ನಮಸ್ಕಾರಗಳು.

ನಿಮ್ಮ ಪತ್ರ ಓದಿ ಹೊಟ್ಟೆ ತುಂಬಿತು. ಇಷ್ಟು ವರ್ಷದ ಮೇಲೂ ನನ್ನ ಕತೆ ನಿಮ್ಮ ಕಾಫಿಗೆ ಜೊತೆಯಾಗುತ್ತಿದೆ ಎಂದರೆ ಅದಕ್ಕಿಂತ ಭಾಗ್ಯ ಬೇಕೆ? ನನ್ನ ಕೈಲಾದ ಸೇವೆಯನ್ನು ತಪ್ಪದೆ ಮಾಡುತ್ತೇನೆ.

ನಮ್ಮ ಆಕರ ಗ್ರಂಥಗಳ ಕೋಣೆ ಮೂರನೆಯ ಮಹಡಿಯಲ್ಲಿದೆ. ಕೋಶದ ಒಂದೊಂದು ಸಂಪುಟವೂ ಮಗುವಿನಷ್ಟು ಭಾರ, ಎರಡೂ ಕೈಯಲ್ಲಿ ಎತ್ತಿ ಇಳಿಸಬೇಕು. ನಿಮಗಾಗಿ ಇಳಿಸಿದೆ.

'ವಿಂಡೋ' ಎಂದರೆ ಗಾಳಿಯ ಕಣ್ಣು. ಉತ್ತರದ ಹಡಗಿನವರ ಹಳೆಯ ಭಾಷೆಯಲ್ಲಿ ಗಾಳಿ, ಕಣ್ಣು ಎರಡು ಪದ ಸೇರಿ ಆದದ್ದು. ಗೋಡೆಯಲ್ಲಿ ಗಾಜಿಲ್ಲದ ಕಾಲದ ಮಾತು.

'ಅಟಿಕ್' ನೋಡಿ ನಾನೇ ಬೆರಗಾದೆ. ಮನೆಯ ಮಾಡಿನ ಕೆಳಗಿನ ಕೋಣೆಗೆ ನಾವು ಏನನ್ನುತ್ತೇವೆ? ಅಟ್ಟ! ನಮ್ಮ ಕರಾವಳಿಗೆ ಬಂದ ಹಡಗಿನವರು ಸರಕಿನ ಜೊತೆ ಪದವನ್ನೂ ಹೊತ್ತುಕೊಂಡು ಹೋದರಂತೆ. ಗ್ರೀಕ್ ಮೂಲ ಎಂಬ ಹಳೆಯ ವಾದ ಒಂದಿದೆ, ನೀವು ಓದಿರುತ್ತೀರಿ. ಹೊಸ ಪರಿಷ್ಕರಣದಲ್ಲಿ ಅದನ್ನು ಕೈಬಿಟ್ಟಿದ್ದಾರೆ.

'ಕಿಲ್' ಕೂಡ ಹಾಗೆಯೇ. ನಮ್ಮ 'ಕೊಲ್ಲು'. ಬಾಯಲ್ಲಿ ಹೇಳಿ ನೋಡಿ, ಅನುಮಾನವೇ ಉಳಿಯುವುದಿಲ್ಲ.

ನಿಮ್ಮಂಥವರ ಪುಸ್ತಕದಲ್ಲಿ ನನ್ನಂಥವಳ ಹುಡುಕಾಟಕ್ಕೂ ಒಂದು ಮೂಲೆ ಸಿಗುವುದು ನನ್ನ ಪುಣ್ಯ.

ನಿಮ್ಮ ನಾದಿನಿ

ಅಕ್ಕಾ, ಬೆನ್ನು ಈಗ ಪರವಾಗಿಲ್ಲ.

---

ಫೆಬ್ರವರಿ 2

ಚಿ. ನಾದಿನಿಗೆ,

ಶಹಬ್ಬಾಸ್! ಅಟ್ಟದ ವಿಷಯ ಇವಳು ಓದುತ್ತಿದ್ದ ಹಾಗೆ ಕುರ್ಚಿಯಿಂದ ಎದ್ದು ನಿಂತೆ. ಗ್ರೀಕ್ ವಾದ ನನಗೂ ನೆನಪಿದೆ, ಅದು ನನಗೆ ಯಾವತ್ತೂ ರುಚಿಸಿರಲಿಲ್ಲ. ಊರಿಗೆಲ್ಲ ಅವರೇ ಸಾಲ ಕೊಟ್ಟವರಂತೆ ಮಾತಾಡುತ್ತಾರೆ. ಸಾಲ ತೆಗೆದುಕೊಂಡವರೂ ಅವರೇ ಎಂದು ನಾನು ತೋರಿಸುತ್ತೇನೆ. ಪುಸ್ತಕದ ಹೆಸರನ್ನೇ ಬದಲಾಯಿಸಿಬಿಟ್ಟೆ: 'ಬೇರು ನಮ್ಮದು, ಎಲೆ ಅವರದು'. ಪ್ರಕಾಶಕರು ಕುಣಿಯುತ್ತಿದ್ದಾರೆ. ನನ್ನ ಹೆಸರಿದ್ದರೆ ಸಾಕು, ಅವರು ಒಂದಕ್ಷರವನ್ನೂ ಮುಟ್ಟುವುದಿಲ್ಲ.

ವಿಂಡೋ ಸಪ್ಪೆ, ಅದನ್ನು ಬಿಟ್ಟೆ. ಅಟ್ಟದಂಥವು ಇನ್ನೂ ಬೇಕು. ಮೇಣಕ್ಕೂ ಬೆಳಕು ಕೊಡುವ ಕಾಲ ಬರುತ್ತದೆ ಎಂದು ನಿನ್ನ ಅಕ್ಕನಿಗೆ ಹೇಳಿದೆ. ಅವಳು ನಗಲಿಲ್ಲ. ಹಾಸ್ಯ ಅರ್ಥವಾಗಲು ಸ್ವಲ್ಪ ಓದಿರಬೇಕು.

ನಿನ್ನ ಭಾವ

ಪುಟ್ಟೀ, ಮೊನ್ನೆ ಅಟ್ಟ ಗುಡಿಸಿದೆ. ನನ್ನ ಶಾಲೆಯ ದಿನಗಳ ಇಂಗ್ಲಿಷ್ ನಿಘಂಟು ಸಿಕ್ಕಿತು, ಹಲ್ಲಿ ಮೊಟ್ಟೆಯ ಸಮೇತ. ಒರೆಸಿ ಇಟ್ಟುಕೊಂಡಿದ್ದೇನೆ. 'ಎ' ಅಕ್ಷರದಿಂದ ಶುರುಮಾಡಿದೆ. — ಅಕ್ಕ

---

ಫೆಬ್ರವರಿ 4

ಪುಟ್ಟೀ,

ಇದನ್ನು ನನ್ನ ಹೊಲಿಗೆ ಅಂಗಡಿಯಿಂದ ಬರೆಯುತ್ತಿದ್ದೇನೆ. ಉತ್ತರವನ್ನು ಅಂಗಡಿಯ ವಿಳಾಸಕ್ಕೇ ಹಾಕು.

ಅಟಿಕ್ ನಮ್ಮ ಅಟ್ಟದಿಂದ ಬಂದದ್ದಲ್ಲ. ಅಥೆನ್ಸಿನ ಸುತ್ತಲ ಸೀಮೆಯ ಹೆಸರಿಂದ ಬಂದದ್ದು, ಅಲ್ಲಿಯ ಕಂಬದ ಕಟ್ಟಡಗಳ ಶೈಲಿಯಿಂದ. ನನ್ನ ಹರಕಲು ನಿಘಂಟಿನಲ್ಲೇ ಇದೆ ಅಂದಮೇಲೆ ನಿನ್ನ ಮಗುವಿನಷ್ಟು ಭಾರದ ಸಂಪುಟದಲ್ಲಿ ಇಲ್ಲದೆ ಹೋಯಿತೆ? ಹೊಸ ಪರಿಷ್ಕರಣ ಎಂದು ನೀನು ಬರೆದ ಸಾಲನ್ನು ಓದುವಾಗ ನನ್ನ ಧ್ವನಿ ಒಂದು ಕ್ಷಣ ನಿಂತಿತು. ಇವರು 'ಮುಂದೆ ಓದೇ' ಎಂದರು. ಓದಿದೆ.

ನೀನು ಮರೆತು ತಪ್ಪು ಬರೆಯುವವಳಲ್ಲ. ಏನು ಮಾಡ್ತಾ ಇದ್ದೀಯ?

ಅಕ್ಕ

---

ಫೆಬ್ರವರಿ 11

ಅಕ್ಕಾ,

ಸೇಡು ತೀರಿಸಿಕೊಳ್ಳುತ್ತಿದ್ದೇನೆ. ಇದಕ್ಕೆ ಬೇರೆ ಹೆಸರು ಇಡುವುದು ಬೇಡ.

ನಿನಗೆ ಆ ಸಂಜೆ ನೆನಪಿದೆಯಲ್ಲ? ನಿನ್ನ ಮದುವೆಯಾದ ಹೊಸತು. ನಾನು ರಜೆಗೆ ಬಂದಿದ್ದೆ, ಕರೆಂಟು ಹೋಗಿತ್ತು. ಊಟದ ಮೇಜಿನ ಮೇಲೆ ಮೇಣದಬತ್ತಿ ಹಚ್ಚಿಟ್ಟಿದ್ದೆ ನೀನು. ಭಾವ ಕರಗಿದ ಮೇಣವನ್ನು ಬೆರಳಲ್ಲಿ ತೆಗೆದು, ನಿನ್ನ ಬಿಳಿ ಪಿಂಗಾಣಿ ತಟ್ಟೆಯ ಬಿರುಕಿಗೆ ತುಂಬಿ, ಉಜ್ಜಿ, 'ಈಗ ಹೇಳು, ಬಿರುಕು ಎಲ್ಲಿದೆ?' ಎಂದು ಕೇಳಿದರು. ಆಮೇಲೆ ಶಿಲ್ಪಿಗಳ ಕತೆ ಹೇಳಿದರು, ಸಿನ್ಸಿಯರ್ ಎಂದರೆ ಮೇಣವಿಲ್ಲದ್ದು ಎಂದರು. ಪದಗಳಿಗೆ ಬೇರುಗಳಿವೆ ಎಂದು ನನಗೆ ಗೊತ್ತಾದದ್ದೇ ಆ ಸಂಜೆ. ನಾನು ಇಂಗ್ಲಿಷ್ ಓದಿದ್ದು ಆ ಒಂದು ಕತೆಯ ಬಲದಿಂದ ಅಕ್ಕಾ. ದೇವರ ವಾಕ್ಯದ ಹಾಗೆ ಇಟ್ಟುಕೊಂಡಿದ್ದೆ.

ಅದು ಕಟ್ಟುಕತೆ ಎಂದು ಅವರಿಗೆ ನಡುವೆ ಯಾವತ್ತೋ ಗೊತ್ತಾಯಿತು. ನನಗೆ ಹೇಳಲಿಲ್ಲ. ಸಂದರ್ಶನದ ದಿನ ಬೇರೆ ಪದ ಇರಲಿಲ್ಲವೆ? ನಾನು ಏನು ಹೇಳುತ್ತೇನೆಂದು ಅವರಿಗೆ ಗೊತ್ತಿತ್ತು, ಅದಕ್ಕೇ ಅದನ್ನೇ ಕೇಳಿದರು. ಹೆಂಡತಿಯ ತಂಗಿಗೆ ಕೆಲಸ ಕೊಡಿಸಿದರು ಎಂದು ಯಾರೂ ಆಡಿಕೊಳ್ಳಬಾರದಿತ್ತು. ಅದಕ್ಕೆ ನನ್ನನ್ನು ಎಲ್ಲರ ಮುಂದೆ ನಗೆಪಾಟಲು ಮಾಡಿ, ತಾವು ನ್ಯಾಯಕ್ಕೆ ಬದ್ಧರು ಎಂದು ದೊಡ್ಡ ಮೇಷ್ಟ್ರಿಂದ ಹೊಗಳಿಸಿಕೊಂಡರು. ನೀನು ಹೊಲಿದುಕೊಟ್ಟ ಹೊಸ ಬಟ್ಟೆ ಹಾಕಿಕೊಂಡು ನಾನು ಆ ಕುರ್ಚಿಯಲ್ಲಿ ಕೂತಿದ್ದೆ. 'ಯಾರಮ್ಮ ಹೇಳಿಕೊಟ್ಟಿದ್ದು?' ಎಂದು ಕೇಳುವಾಗ ಅವರ ಕಣ್ಣು ಮಿಟುಕಲಿಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಹೋಗಲಿ. ಆದರೆ ಆ ಕತೆಯನ್ನು ವರ್ಷಗಟ್ಟಲೆ ಹಂಚಿ ತಿಂದರಲ್ಲ. ನಾನು ಪಾಠ ಮಾಡಬೇಕಾದವಳು, ಇನ್ನೊಬ್ಬರು ಓದಿ ಬಿಟ್ಟುಹೋದ ಪುಸ್ತಕಗಳನ್ನು ಕಪಾಟಿಗೆ ಸೇರಿಸುತ್ತಾ ಇಷ್ಟು ವರ್ಷ ಕಳೆದೆ. ನನಗೆ ಒಂದೇ ಆಸೆ. ಅವರು ತುಂಬಿದ ಸಭೆಯಲ್ಲಿ ನಿಲ್ಲಬೇಕು. ಜನ ನಗಬೇಕು. ಯಾರಾದರೂ ಅವರನ್ನು ಅದೇ ಪ್ರಶ್ನೆ ಕೇಳಬೇಕು.

ನೀನು ಅವರಿಗೆ ಹೇಳಿದರೆ ಎಲ್ಲ ಮುಗಿಯಿತು. ಹೇಳುವುದಾದರೆ ಹೇಳು. ನಿನ್ನ ಮೇಲೆ ನನಗೆ ಕೋಪ ಬರುವುದಿಲ್ಲ.

ಪುಟ್ಟಿ

---

ಫೆಬ್ರವರಿ 16

ಪುಟ್ಟೀ,

ನಿನ್ನ ಪತ್ರ ಓದಿ ಅರ್ಧ ಹೊಲಿದ ಅಂಗಿಯನ್ನು ಹಾಗೇ ಬಿಟ್ಟು ಕೂತೆ. ನನಗೂ ಆ ಸಂಜೆ ನೆನಪಿದೆ. ಆ ತಟ್ಟೆಯೂ ಇದೆ. ಮೇಣ ಮೊದಲನೇ ಸಲ ಬಿಸಿನೀರಲ್ಲಿ ತೊಳೆದಾಗಲೇ ಹೋಯಿತು, ಬಿರುಕು ಹಾಗೇ ಇದೆ.

ಸಂದರ್ಶನದ ದಿನ ಇವರು ಮನೆಗೆ ಬಂದು ಸ್ನೇಹಿತರ ಮುಂದೆ ನಿನ್ನನ್ನು ಅಣಕಿಸಿ ತೋರಿಸಿದರು. ನೀನು ತಲೆ ತಗ್ಗಿಸಿದ್ದು ಹೀಗೆ, ಕೈ ಹಿಸುಕಿಕೊಂಡಿದ್ದು ಹೀಗೆ. ನಾನು 'ಆ ಕತೆ ನೀವೇ ಅವಳಿಗೆ ಹೇಳಿದ್ದಲ್ವಾ?' ಎಂದೆ. ಇವರು 'ನೋಡ್ರಪ್ಪಾ, ಮೇಣಕ್ಕೆ ಬತ್ತಿ ಸಿಕ್ಕಿತು!' ಎಂದರು. ಎಲ್ಲರೂ ಇನ್ನೂ ಜೋರಾಗಿ ನಕ್ಕರು. ಆವತ್ತಿಂದ ನಾನು ಇವರ ಮಾತಿಗೆ ಮಾತು ಸೇರಿಸುವುದನ್ನು ಬಿಟ್ಟೆ. ತಾಳಿದವರು ಬಾಳಿಯಾರು ಅನ್ನುತ್ತಾರಲ್ಲ, ತಾಳಿದೆ. ಬಾಳಿದೆನೋ ಇಲ್ಲವೋ ಗೊತ್ತಿಲ್ಲ.

ಇವರಿಗೆ ಹೇಳುವುದಿಲ್ಲ. ಆದರೆ ನಿನ್ನ ಸುಳ್ಳು ಸಣ್ಣದಾಯಿತು ಪುಟ್ಟೀ. ಅಟ್ಟಕ್ಕೂ ಕೊಲ್ಲುವುದಕ್ಕೂ ಜನ ಮೂಗು ಮುರಿದು ಸುಮ್ಮನಾಗುತ್ತಾರೆ. ಇವರು ತಲೆ ಮೇಲೆ ಹೊತ್ತು ಮೆರೆಯುವಂಥದ್ದು ಬೇಕು. 'ಪ್ಯೂಪಿಲ್' ನೋಡು. ಕಣ್ಣಿನ ಕರಿ ಬೊಟ್ಟಿಗೆ ಅವರು ಪ್ಯೂಪಿಲ್ ಅನ್ನುತ್ತಾರೆ, ನಾವು ಪಾಪೆ ಅನ್ನುತ್ತೇವೆ. ಅಲ್ಲೂ ಗೊಂಬೆ, ಇಲ್ಲೂ ಗೊಂಬೆ. ನಾನೇ ಒಂದು ಗಳಿಗೆ ನಂಬಿಬಿಟ್ಟಿದ್ದೆ. ಕಣ್ಣಿನ ಪೊರೆಯವರಿಗೆ ಕಣ್ಣಿನ ಪದವೇ ಸರಿ.

ನಿನ್ನೆ ಮುನ್ನುಡಿ ಹೇಳಿ ಬರೆಸಿದರು. ಅದರಲ್ಲಿ ನಿನ್ನ ಮೇಣದ ಕತೆ ಇದೆ, ಒಂದಿಡೀ ಪುಟ. 'ಬುದ್ಧಿ ಕಡಿಮೆಯಿದ್ದು ಉತ್ಸಾಹ ಹೆಚ್ಚಿದ್ದರೆ ಹೀಗಾಗುತ್ತದೆ' ಎಂಬ ಸಾಲನ್ನು ನನ್ನ ಕೈಯಿಂದಲೇ ಬರೆಸಿದರು, 'ಹೆಚ್ಚಿದ್ದರೆ' ಅನ್ನುವುದಕ್ಕೆ ಒತ್ತು ಸರಿಯಾಗಿ ಹಾಕು ಎಂದರು. ಹಾಕಿದೆ.

ಅಕ್ಕ

---

ಫೆಬ್ರವರಿ 24

ಪೂಜ್ಯ ಭಾವನವರಿಗೆ,

ಈ ಸಲ ಕಳಿಸುತ್ತಿರುವುದು ನಿಮ್ಮ ಪುಸ್ತಕದ ಕಿರೀಟ. ಇಂಗ್ಲಿಷಿನ 'ಪ್ಯೂಪಿಲ್' ನಮ್ಮ 'ಪಾಪೆ'ಯ ಮಗಳು. ಎದುರು ಕೂತವರ ಕಣ್ಣಿನಲ್ಲಿ ನಮ್ಮದೇ ಚಿಕ್ಕ ರೂಪ ಗೊಂಬೆಯ ಹಾಗೆ ಕಾಣುತ್ತದಲ್ಲ, ಆ ಗೊಂಬೆಯೇ ಪಾಪೆ. ಪದ ಇಲ್ಲಿಂದ ವ್ಯಾಪಾರಿಗಳ ಜೊತೆ ಹೊರಟು ರೋಮ್ ತಲುಪಿತು, ಅಲ್ಲಿಂದ ಇಂಗ್ಲಿಷಿಗೆ. ಶಿಷ್ಯನಿಗೂ ಅವರು ಪ್ಯೂಪಿಲ್ ಎನ್ನುತ್ತಾರೆ, ಏಕೆಂದರೆ ಶಿಷ್ಯ ಗುರುವಿನ ಕಣ್ಣಿನ ಗೊಂಬೆ. ನಾನೂ ನಿಮ್ಮ ಮೇಜಿನ ಶಿಷ್ಯೆಯೇ ತಾನೆ? ಅದಕ್ಕೇ ನನ್ನ ಕೈಗೆ ಸಿಕ್ಕಿರಬೇಕು.

ನಿಮ್ಮ ನಾದಿನಿ

---

ಮಾರ್ಚ್ 12

ಚಿ. ನಾದಿನಿಗೆ,

ಪಾಪೆ! ಪಾಪೆ! ಇವಳು ಓದಿದ ಮೇಲೆ ನಾನು ಇವಳ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಕಣ್ಣೊಳಗೆ ನೋಡಿದೆ. ಏನೂ ಕಾಣಲಿಲ್ಲ, ಬರೀ ಮಂಜು. ಆದರೂ ಅಲ್ಲಿ ನನ್ನ ಗೊಂಬೆ ಇದ್ದೇ ಇರುತ್ತದೆ.

ಪುಸ್ತಕದ ಕೊನೆಯ ಅಧ್ಯಾಯವೇ ಅದು. ಜೂನ್ ತಿಂಗಳಲ್ಲಿ ಬಿಡುಗಡೆ, ಪುರಭವನದಲ್ಲಿ. ಬಿಡುಗಡೆ ಮಾಡುವವರು ಯಾರು ಗೊತ್ತೆ? ದೊಡ್ಡ ಮೇಷ್ಟ್ರು! ಈಗ ಊರುಗೋಲು ಹಿಡಿದಿದ್ದಾರೆ, ಆದರೆ ನಾಲಿಗೆ ಹರಿತವೇ ಇದೆ. ಯಾರಾದರೂ ಕೊಂಕು ತೆಗೆದರೆ ತೋರಿಸಲಿಕ್ಕೆ ನಿನ್ನ ಪತ್ರಗಳನ್ನೆಲ್ಲ ಸಭೆಗೆ ತರಲು ಅಡಿಟಿಪ್ಪಣಿಗೆ ಹೇಳಿದ್ದೇನೆ. ಅಷ್ಟು ದೊಡ್ಡ ಗ್ರಂಥಾಲಯದ ಆಧಾರ ಇದೆ ಎಂದ ಮೇಲೆ ಯಾರು ಉಸಿರೆತ್ತುತ್ತಾರೆ?

ನೀನು ಬರುವುದು ಬೇಡ, ಮುನ್ನುಡಿ ಕೇಳಿ ಮುಜುಗರವಾದೀತು.

ನಿನ್ನ ಭಾವ

ಪುಟ್ಟೀ, 'ಎಸ್' ತನಕ ಓದಿಯಾಯಿತು. — ಅಕ್ಕ

---

ಏಪ್ರಿಲ್ 19

ಭಾವನವರಿಗೆ,

ನಿಮಗೆ ಕಳಿಸಿದ ಮೂಲಗಳನ್ನು ನಾನು ಬೇಕೆಂದೇ ಸುಳ್ಳು ಬರೆದೆ. ನೀವು ನನ್ನನ್ನು ಮಾಡಿದ ಹಾಗೆ ನಿಮ್ಮನ್ನು ಸಭೆಯಲ್ಲಿ ನಗೆಪಾಟಲು ಮಾಡಬೇಕು ಎಂದಿತ್ತು. ಇದಕ್ಕೆ ನಾನು ಕ್ಷಮೆ ಕೇಳುತ್ತಿಲ್ಲ. ನೀವು ಕೇಳಿದ ದಿನ ನಾನೂ ಕೇಳುತ್ತೇನೆ.

ಪುಸ್ತಕ ಅಚ್ಚಿಗೆ ಹೋಗುವ ಮೊದಲು ಮೂರು ಪದಗಳನ್ನು ದಯವಿಟ್ಟು ತೆಗೆಸಿ. ಅಟಿಕ್ ಗ್ರೀಕರ ಸೀಮೆಯ ಹೆಸರಿನಿಂದ ಬಂದದ್ದು, ನಮ್ಮ ಅಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಕಿಲ್ ಪದದ ಹುಟ್ಟು ಯಾರಿಗೂ ಖಚಿತವಾಗಿ ಗೊತ್ತಿಲ್ಲ, ಮೊದಲು ಅದಕ್ಕೆ ಹೊಡೆಯುವುದು ಎಂಬ ಅರ್ಥವಿತ್ತು ಅಷ್ಟೆ. ಪ್ಯೂಪಿಲ್ ಲ್ಯಾಟಿನ್ನಿನ 'ಚಿಕ್ಕ ಗೊಂಬೆ'. ನಮ್ಮ ಪಾಪೆಯೂ ಗೊಂಬೆಯೇ, ಆದರೆ ಒಂದರಿಂದ ಇನ್ನೊಂದು ಹುಟ್ಟಲಿಲ್ಲ. ಎಲ್ಲ ಕಡೆಯ ಜನರೂ ಎದುರಿನವರ ಕಣ್ಣಿನಲ್ಲಿ ತಮ್ಮನ್ನೇ ಕಂಡು ಇಂಥದೇ ಹೆಸರಿಟ್ಟರು. ಕಿವಿಗೆ ಒಂದೇ ಥರ ಕೇಳಿದ ಮಾತ್ರಕ್ಕೆ ಬೇರು ಒಂದೇ ಆಗುವುದಿಲ್ಲ. ಇದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ.

ನಿನ್ನೆ ನಮ್ಮ ಗ್ರಂಥಾಲಯಕ್ಕೆ ಒಬ್ಬಳು ಬಂದಿದ್ದಳು. ಸಂದರ್ಶನಕ್ಕೆ ತಯಾರಿ ಮಾಡಿಕೊಳ್ಳುತ್ತಿದ್ದಾಳೆ. ಪದಗಳ ಮೂಲದ ಬಗ್ಗೆ ನಮ್ಮ ಭಾಷೆಯಲ್ಲಿ ಒಳ್ಳೆಯ ಪುಸ್ತಕ ಯಾವುದಿದೆ ಎಂದು ಕೇಳಿದಳು. ಸದ್ಯದಲ್ಲೇ ಬರುತ್ತದೆ ಎಂದು ಬಾಯಿಗೆ ಬಂತು, ಅಲ್ಲಿಗೇ ನಿಲ್ಲಿಸಿದೆ. ಅವಳು ನಿಮ್ಮ ಪುಸ್ತಕ ಓದಿ, ಯಾವುದೋ ಕೋಣೆಯಲ್ಲಿ ಕೂತು, ಪ್ಯೂಪಿಲ್ ಎಂದರೆ ಪಾಪೆ ಎಂದು ಧೈರ್ಯವಾಗಿ ಹೇಳುತ್ತಾಳೆ. ಅವಳಿಗೆ ಹಾಗಾಗಬಾರದು.

ನಾದಿನಿ

---

ಮೇ 6

ಅಕ್ಕಾ,

ಅಂಗಡಿಗೆ ಬರೆಯುತ್ತಿದ್ದೇನೆ. ಭಾವನಿಂದ ಉತ್ತರವಿಲ್ಲ. ಬೈಗುಳವಾದರೂ ಬರುತ್ತದೆ ಎಂದು ಅಂಚೆ ಪೆಟ್ಟಿಗೆ ನೋಡಿ ನೋಡಿ ಸಾಕಾಯಿತು. ನನ್ನ ಪತ್ರ ಓದಿದೆಯಾ?

ಪುಟ್ಟಿ

---

ಮೇ 13

ಪುಟ್ಟೀ,

ಓದಿದೆ. ಚಿಂತೆ ಬಿಡು. ಮದುವೆ ಬಟ್ಟೆಗಳ ಕಾಲ, ಕೈ ತುಂಬ ಕೆಲಸ.

ಅಕ್ಕ

---

ಮೇ 20

ಅಕ್ಕಾ,

ಸದ್ಯ, ಓದಿ ಹೇಳಿದೆಯಲ್ಲ. ಬೈದರೆ ಬೈಯಲಿ, ಪುಸ್ತಕವಂತೂ ಉಳಿಯಿತು. ಆದರೂ ಹೊಟ್ಟೆಯೊಳಗಿನ ಕಿಚ್ಚು ಆರಿಲ್ಲ ಅಕ್ಕಾ. ಗೆಲ್ಲುವ ಆಟವನ್ನು ನಾನೇ ಕೈಯಾರೆ ಬಿಟ್ಟುಕೊಟ್ಟೆ. ಜೂನ್ ಸಭೆಯಲ್ಲಿ ಅವರು ಮುನ್ನುಡಿ ಓದಿ ನಗಿಸುತ್ತಾರೆ, ನಾನು ಇಲ್ಲಿ ಮೂರನೆಯ ಮಹಡಿಯಲ್ಲಿ ಧೂಳು ಒರೆಸುತ್ತಿರುತ್ತೇನೆ. ನನ್ನಂಥವರಿಗೆ ಸೇಡು ತೀರಿಸಿಕೊಳ್ಳುವುದಕ್ಕೂ ಯೋಗ್ಯತೆ ಬೇಕೇನೋ.

ಪುಟ್ಟಿ

---

ಜೂನ್ 17

ಪುಟ್ಟೀ,

ನೀನು ನನ್ನ ಪತ್ರವನ್ನು ತಪ್ಪಾಗಿ ಓದಿಕೊಂಡೆ. 'ಓದಿದೆ' ಎಂದು ಬರೆದಿದ್ದೆ. ಇವರಿಗೆ ಓದಿ ಹೇಳಿದೆ ಎಂದು ಎಲ್ಲಿ ಬರೆದಿದ್ದೆ?

ಏಪ್ರಿಲ್ ಪತ್ರ ಬಂದ ದಿನ ಇವರು 'ಯಾರದ್ದೇ?' ಎಂದು ಕೇಳಿದರು. 'ಅಂಗಡಿಗೆ ಬಂದಿದ್ದು, ನೂಲಿನವನ ಬಿಲ್ಲು' ಎಂದೆ. ಜೀವನದಲ್ಲಿ ಇವರಿಗೆ ನಾನು ಹೇಳಿದ ಮೊದಲ ಸುಳ್ಳು. ಎಷ್ಟು ಸಲೀಸಾಗಿ ಬಂತು ಅಂತೀಯ! ನೀನು ಬೆಂಕಿ ಹಚ್ಚಿ ನೀನೇ ನೀರು ಹಾಕಲು ಬಂದೆ. ಮುನ್ನುಡಿಯ ಆ ಸಾಲನ್ನು ಬರೆದದ್ದು ನನ್ನ ಕೈ ಪುಟ್ಟೀ, ನಿನ್ನದಲ್ಲ.

ನಿನ್ನೆಯ ಸಭೆಯ ವಿಷಯ ಹೇಳುತ್ತೇನೆ. ಪುರಭವನ ತುಂಬಿತ್ತು. ನಾನು ಮುಂದಿನ ಸಾಲಿನಲ್ಲಿ, ತೊಡೆಯ ಮೇಲೆ ನಿನ್ನ ಪತ್ರಗಳ ಚೀಲ. ಇವರು ಬಾಯಿಪಾಠ ಮಾಡಿಕೊಂಡಿದ್ದ ಮುನ್ನುಡಿ ಹೇಳಿದರು. ಮೇಣದ ಕತೆಗೆ ಜನ ನಕ್ಕರು. ಆಮೇಲೆ ಪಾಪೆಗೆ ಬಂದರು. ಧ್ವನಿ ಏರಿತು, ಕೈ ಎತ್ತಿದರು, 'ಬೇರು ನಮ್ಮದು!' ಎಂದರು. ಚಪ್ಪಾಳೆಯೋ ಚಪ್ಪಾಳೆ.

ದೊಡ್ಡ ಮೇಷ್ಟ್ರು ಚಪ್ಪಾಳೆ ನಿಲ್ಲುವ ತನಕ ಕಾದರು. ಊರುಗೋಲು ಊರಿ ಎದ್ದರು. ಮೈಕಿನ ಹತ್ತಿರ ಬರುವ ಮೊದಲೇ ಅವರ ಭುಜ ಕುಲುಕುತ್ತಿತ್ತು. 'ಅಟಿಕ್ ಅಂದ್ರೆ ಅಟ್ಟ, ಕಿಲ್ ಅಂದ್ರೆ ಕೊಲ್ಲು! ಹಾಗಾದ್ರೆ ಬಾಯ್ ಅಂದ್ರೆ ನಮ್ಮ ಬಾಯಿ ಇರ್ಬೇಕು, ಅದಕ್ಕೇ ಹುಡುಗರು ಅಷ್ಟು ಮಾತಾಡ್ತಾರೆ' ಎಂದರು. ಒಬ್ಬ ನಕ್ಕ. ಆಮೇಲೆ ಒಂದು ಸಾಲು. ಆಮೇಲೆ ಇಡೀ ಸಭೆ. ಮೇಷ್ಟ್ರು ಕಣ್ಣು ಒರೆಸಿಕೊಂಡು ಇವರ ಕಡೆ ತಿರುಗಿ ಕೇಳಿದರು: 'ಇದನ್ನ ಯಾರಪ್ಪ ಹೇಳಿಕೊಟ್ಟಿದ್ದು?'

ನೀನು ಬೇಡಿಕೊಂಡ ಪ್ರಶ್ನೆ, ಅಕ್ಷರ ಅಕ್ಷರ ಅದೇ.

ನೀನು ಆವತ್ತು ಬಾಯಿ ಬಿಡಲಿಲ್ಲ. ಇವರು ಒಂದು ಉಸಿರೂ ಕಾಯಲಿಲ್ಲ. 'ನನ್ನ ನಾದಿನಿ! ಅದೇ ಆ ಮೇಣ! ಅವಳ ಪತ್ರ ನಂಬಿ ನಾನು ಕೆಟ್ಟೆ. ಇವಳ ಹತ್ರ ಇದೆ ನೋಡಿ ಪತ್ರ. ಓದೇ, ಎದ್ದು ನಿಂತು ಓದು, ಎಲ್ರಿಗೂ ಕೇಳೋ ಹಾಗೆ ಓದು' ಎಂದರು.

ನನಗೆ ಅಷ್ಟು ದಿನ ಒಂದು ಸಣ್ಣ ಅನುಮಾನವಿತ್ತು ಪುಟ್ಟೀ. ಇವರು ನಿನ್ನ ಹೆಸರು ಎತ್ತದೆ ಇದ್ದರೆ ಚೀಲ ಬಿಚ್ಚಬಾರದು ಎಂದುಕೊಂಡಿದ್ದೆ. ನಿಜ ಹೇಳುತ್ತೇನೆ, ಎತ್ತದಿರಲಿ ಎಂದೂ ಒಂದು ಮನಸ್ಸಿತ್ತು. ಎತ್ತಿದರು.

ಎದ್ದು ನಿಂತೆ. ಏಪ್ರಿಲ್ ಹತ್ತೊಂಬತ್ತರ ಪತ್ರ ತೆಗೆದೆ. ತಾರೀಖು ಓದಿದೆ. ಮೊದಲ ಪ್ಯಾರಾ ಬಿಟ್ಟೆ. 'ಪುಸ್ತಕ ಅಚ್ಚಿಗೆ ಹೋಗುವ ಮೊದಲು ಮೂರು ಪದಗಳನ್ನು ದಯವಿಟ್ಟು ತೆಗೆಸಿ' ಎನ್ನುವಲ್ಲಿಂದ ಶುರುಮಾಡಿ, ಆ ಹುಡುಗಿಗೆ ಹಾಗಾಗಬಾರದು ಎನ್ನುವ ತನಕ ಓದಿದೆ. ಇಷ್ಟು ತಿಂಗಳು ಇವರಿಗೆ ಓದಿ ಓದಿ ನನ್ನ ಓದು ಚೆನ್ನಾಗಿ ಪಳಗಿದೆ, ಎಲ್ಲೂ ತಡವರಿಸಲಿಲ್ಲ. ಓದುತ್ತಿದ್ದ ಹಾಗೆ ಸಭೆಯ ನಗು ನಿಂತುಹೋಯಿತು. ನಗುವಾಗಿದ್ದರೆ ಇವರು ಹೇಗೋ ದಾಟುತ್ತಿದ್ದರು. ಮೌನವನ್ನು ದಾಟಲು ಆಗಲಿಲ್ಲ. 'ಇದು... ಇದನ್ನ ಇವಳು ನನಗೆ ಓದೇ ಇಲ್ಲ' ಎಂದರು. ಮೇಷ್ಟ್ರು ಇವರ ಮುಖವನ್ನೇ ನೋಡಿ, 'ಈಗ ಹೆಂಡತಿ ಮೇಲೆ ಹಾಕ್ತೀಯೇನಪ್ಪಾ?' ಎಂದರು.

ಇವರು ಹೇಳಿದ್ದು ನಿಜ. ಅದನ್ನು ನಂಬಿದವರು ಆ ಸಭೆಯಲ್ಲಿ ಒಬ್ಬರೂ ಇರಲಿಲ್ಲ.

ಆಮೇಲೆ ಮೇಷ್ಟ್ರು ಆ ಪತ್ರ ಇಸಿದುಕೊಳ್ಳಲು ಬಂದರು. ಮೊದಲ ಪ್ಯಾರಾ ಇತ್ತಲ್ಲ, 'ಮನೆ ವಿಷಯ ಇದೆ' ಎಂದು ಮಡಚಿಕೊಂಡೆ. 'ಸಿನ್ಸಿಯರ್ ಅಂದ ಹುಡುಗಿ ಇವಳೇನಾ? ಇವಳನ್ನ ನಾವು ಬೇಡ ಅಂದ್ವಾ?' ಎಂದು ಕೇಳಿದರು. ಹೌದು ಎಂದೆ. ನಿನ್ನ ವಿಳಾಸ ಬರೆಸಿಕೊಂಡಿದ್ದಾರೆ. ಪ್ರಕಾಶಕರು ಪುಸ್ತಕದ ಕಟ್ಟುಗಳನ್ನು ಬಿಚ್ಚದೆ ವಾಪಸು ಒಯ್ದರು. ಆ ನಿನ್ನ ಹುಡುಗಿಗೆ ಹೇಳು, ಬೇರೆ ಪುಸ್ತಕ ಓದಲಿ.

ಇವತ್ತು ಬೆಳಿಗ್ಗೆ ನನ್ನ ನಿಘಂಟು, ನಾಲ್ಕು ಸೀರೆ, ಕತ್ತರಿ ತೆಗೆದುಕೊಂಡು ಅಂಗಡಿಯ ಮೇಲಿನ ಕೋಣೆಗೆ ಬಂದುಬಿಟ್ಟೆ. ಮಗಳು ಇವರಿಗೆ ಊಟ ಕಳಿಸುತ್ತಾಳೆ, ಹಸಿದಿರುವುದಿಲ್ಲ. ಮುಂದಿನ ವಾರ ಕಣ್ಣಿನ ಶಸ್ತ್ರಚಿಕಿತ್ಸೆ. ಕಣ್ಣು ಬಂದ ಮೇಲೆ ಓದಿಕೊಳ್ಳಲಿ ಎಂದು ನಿನ್ನ ಆ ಪತ್ರವನ್ನು ಊಟದ ಮೇಜಿನ ಮೇಲೆ, ಬಿರುಕು ತಟ್ಟೆಯ ಕೆಳಗೆ ಇಟ್ಟು ಬಂದಿದ್ದೇನೆ. ಮೊದಲ ಪ್ಯಾರಾ ಸಮೇತ. ಯಾರು ಏನು ಮಾಡಿದರು ಎಂದು ಇವರಿಗೆ ಪೂರ್ತಿ ತಿಳಿಯಬೇಕು. ತಿಳಿದರೂ ಯಾರಿಗೂ ಹೇಳಿಕೊಳ್ಳಲಾಗಬಾರದು.

'ವಿ' ಮುಗಿಸಿದೆ. ಸೇಡು ಎನ್ನುವುದಕ್ಕೂ, ಕಳಂಕ ತೊಳೆಯುವುದು ಎನ್ನುವುದಕ್ಕೂ ಇಂಗ್ಲಿಷಿನಲ್ಲಿ ಬೇರು ಒಂದೇ ಅಂತೆ, ರಿವೆಂಜ್ ಮತ್ತು ವಿಂಡಿಕೇಟ್. ನಿನ್ನ ದೊಡ್ಡ ಸಂಪುಟದಲ್ಲಿ ಒಮ್ಮೆ ನೋಡಿ ಹೇಳು, ನನ್ನ ನಿಘಂಟು ಹಳೆಯದು.

ಅಕ್ಕ

---

ಜುಲೈ 22

ನಾದಿನಿಗೆ,

ಇದು ನನ್ನ ಕೈಬರಹ. ಅಕ್ಷರ ದೊಡ್ಡದಾಗಿದ್ದರೆ, ಸಾಲು ಸೊಟ್ಟಗಿದ್ದರೆ ಕ್ಷಮಿಸು. ಬಲಗಣ್ಣು ಬಂದಿದೆ, ಎಡಗಣ್ಣಿಗೆ ಇನ್ನೂ ಪಟ್ಟಿ ಇದೆ.

ತಟ್ಟೆಯ ಕೆಳಗಿನ ಪತ್ರ ಓದಿದೆ. ಕಣ್ಣು ಬಂದ ಮೇಲೆ ಓದಿದ ಮೊದಲ ಕಾಗದ ಅದೇ. ನೀನು ಮಾಡಿದ್ದು ತಿಳಿಯಿತು, ನಿನ್ನ ಅಕ್ಕ ಬಿಟ್ಟು ಓದಿದ್ದೂ ತಿಳಿಯಿತು. ಊರಿಗೆ ಹೇಳೋಣ ಎಂದು ಬಾಗಿಲ ತನಕ ಹೋದೆ. ಯಾರಿಗೆ ಹೇಳಲಿ? ಹೇಳಿದರೆ, ಅವಳು ಸೇಡು ತೀರಿಸಿಕೊಳ್ಳುವಂಥದ್ದು ನೀನೇನು ಮಾಡಿದ್ದೆ ಎಂದು ಕೇಳುತ್ತಾರೆ.

ಮನೆಯಲ್ಲಿ ಯಾರೂ ಇಲ್ಲ. ಅಂಗಡಿಯ ಹತ್ತಿರ ಹೋಗಿದ್ದೆ. ಅವಳು ಮೇಲಿನ ಕಿಟಕಿಯಿಂದ ನೋಡಿ, 'ಅಳತೆ ಕೊಡೋದಿದ್ರೆ ಕೆಳಗೆ ಹುಡುಗಿ ಇದ್ದಾಳೆ' ಎಂದಳು.

ನನಗೆ ಒಂದೇ ಒಂದು ತಿಳಿಯಬೇಕು. ಆವತ್ತು ಸಂದರ್ಶನದ ಕೋಣೆಯಲ್ಲಿ ನಾನು ಕೇಳಿದಾಗ, 'ನೀವೇ' ಎಂದು ನೀನು ಏಕೆ ಹೇಳಲಿಲ್ಲ? ಒಂದು ಮಾತು ಹೇಳಿದ್ದರೆ ಕೆಲಸ ನಿನ್ನದಾಗುತ್ತಿತ್ತು, ಮುಖಭಂಗ ನನಗಾಗುತ್ತಿತ್ತು. ಹೇಳುತ್ತೀಯ ಎಂದೇ ನಾನು ಆ ಗಳಿಗೆ ಹೆದರಿದ್ದೆ.

ಭಾವ

---

ಜುಲೈ 30

ಭಾವನವರಿಗೆ,

ಹೇಳಿದ್ದರೆ ನನಗೆ ಕೆಲಸ ಸಿಗುತ್ತಿತ್ತು, ನಿಜ. ನಾನು ಗೆದ್ದು ಬಸ್ಸು ಹತ್ತಿ ನನ್ನ ಊರಿಗೆ ಹೋಗುತ್ತಿದ್ದೆ. ಆದರೆ ಆ ಸಂಜೆ ಮುಖಭಂಗ ಮಾಡಿಕೊಂಡು ನೀವು ಹೋಗುತ್ತಿದ್ದದ್ದು ಅಕ್ಕ ಇದ್ದ ಮನೆಗೆ. ನಿಮ್ಮ ಸಿಟ್ಟು ಎಲ್ಲಿ ಇಳಿಯುತ್ತದೆ ಎಂದು ನನಗೆ ಗೊತ್ತಿತ್ತು. ಅವಳು ಆ ಮನೆಯಲ್ಲಿ ಇರುವ ತನಕ ನಾನು ಬಾಯಿ ಬಿಡುವ ಹಾಗಿರಲಿಲ್ಲ.

ಈಗ ಅವಳು ಅಲ್ಲಿಲ್ಲ. ಆದ್ದರಿಂದ ನಿಮ್ಮ ಪ್ರಶ್ನೆಗೆ, ಬಹಳ ತಡವಾಗಿ, ಉತ್ತರ ಬರೆಯುತ್ತಿದ್ದೇನೆ.

ನೀವೇ ಹೇಳಿಕೊಟ್ಟಿದ್ದು, ಭಾವ.